ಮನೆಮದ್ದಿನ ಮಾವ

ಮನೆಮದ್ದಿನ ಮಾವ ಸಾಮಾನ್ಯವಾಗಿ ಅರವತ್ತು ದಾಟಿದವರು. ಬ್ಯಾಂಕು, ಕೆಇಬಿ, ಹೈಸ್ಕೂಲು, ತಾಲ್ಲೂಕು ಕಚೇರಿ, ಎಲ್ಲಿಂದ ನಿವೃತ್ತರಾದರೂ ಕೊನೆಗೆ ಬಂದು ಸೇರುವುದು ವೈದ್ಯಶಾಸ್ತ್ರಕ್ಕೇ. ಅವರು ಯಾರಿಗೆ ಖಾಸಾ ಸೋದರಮಾವ, ಯಾರಿಗೆ ಸುತ್ತುಬಳಸಿನ ನೆಂಟ ಎಂಬುದು ಮನೆಯವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಎಲ್ಲರೂ ಮಾವ ಎನ್ನುತ್ತಾರೆ. ಅತ್ತೆಯರಲ್ಲೂ ಈ ಬಗೆಯವರುಂಟು. ಆದರೆ ಅವರು ಬಾಯಿ ಬಿಡುವ ಮೊದಲೇ ಅರೆದು, ಕುದಿಸಿ, ಸೋಸಿ ಲೋಟ ತಂದು ಮುಂದಿಟ್ಟಿರುತ್ತಾರೆ, ಆದ್ದರಿಂದ ಅವರ ವಿಚಾರವೇ ಬೇರೆ. ಮಾವನವರು ಸ್ವಂತ ಕೈಯಲ್ಲಿ ಒಂದು ಲೋಟ ನೀರು ಕಾಯಿಸಿದ್ದನ್ನೂ ಕಂಡವರಿಲ್ಲ. ಅವರ ಕೆಲಸ ಕುರ್ಚಿಯಲ್ಲಿ ಕೂತು ಹೇಳುವುದು.

ನೆಗಡಿ, ಮಂಡಿನೋವಿಗೂ ಅವರಲ್ಲಿ ಮದ್ದುಂಟು. ಆದರೂ ಪ್ರತಿಭೆ ಪೂರ್ತಿ ಅರಳುವುದು ಊಟ ಕೆಟ್ಟು ವಾಂತಿಭೇದಿ ಶುರುವಾದಾಗ. ಮದುವೆಯ ಮಾರನೆಯ ದಿನ ಬಚ್ಚಲ ಮುಂದೆ ಸರದಿ ನಿಂತಿತೆಂದರೆ, "ರಾತ್ರಿ ಏನೋ ತಿಂದೆ?" ಎಂದು ವಿಚಾರಣೆ ಆರಂಭವಾಗುತ್ತದೆ. ಉತ್ತರ ಏನೇ ಇರಲಿ, ತೀರ್ಪು ಮೊದಲೇ ಸಿದ್ಧ: ತಪ್ಪು ಕೊನೆಯ ಊಟದ್ದು, ಅದರಲ್ಲೂ ಬೀಗರ ಕಡೆಯವರು ಹಾಕಿಸಿದ್ದು. ರೋಗಾಣುಗಳಿಗೆ ಈ ಲೆಕ್ಕ ಗೊತ್ತಿಲ್ಲ. ಸ್ಟಫೈಲೋಕಾಕಸ್ ಕಕ್ಕಿದ ನಂಜು ಒಂದರಿಂದ ಆರು ಗಂಟೆಯೊಳಗೆ ಕೆಲಸ ತೋರಿಸಿದರೆ, ಸಾಲ್ಮೊನೆಲ್ಲಾ ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಎದ್ದೇಳುವುದುಂಟು. ಹಾಗಾಗಿ ಇಂದಿನ ಹೊಟ್ಟೆನೋವಿಗೆ ಮೊನ್ನೆ ಸ್ವಂತ ಮನೆಯಲ್ಲಿ ಉಂಡದ್ದೇ ಕಾರಣವಿರಬಹುದು. ಬೀಗರ ವಿಷಯದಲ್ಲಿ ಮಾವ ಈ ಸಾಧ್ಯತೆಯನ್ನು ಪರಿಗಣಿಸುವುದಿಲ್ಲ.

ಅನ್ನದ ವಿಚಾರದಲ್ಲಂತೂ ಅವರ ಪಾತ್ರ ಇನ್ನೂ ದೊಡ್ಡದು. ಮಧ್ಯಾಹ್ನ ಮಿಕ್ಕ ಅನ್ನ ಚೆಲ್ಲಲು ಹೊರಟವರನ್ನು ತಡೆದು, "ರಾತ್ರಿ ಒಗ್ಗರಣೆ ಹಾಕಿ, ಬಿಸಿ ಮಾಡಿದ್ರೆ ಏನೂ ಆಗಲ್ಲ" ಎಂದವರು ಹೆಚ್ಚಿನ ಸಲ ಅವರೇ. ಅಕ್ಕಿಯ ಜೊತೆಗೇ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಬೆಚ್ಚಗಿನ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಮುಚ್ಚಿಟ್ಟರೆ ಅವು ಮೊಳೆತು, ಬೆಳೆದು, ವಾಂತಿ ತರಿಸುವ ನಂಜು ಬಿಡುತ್ತವೆ. ಆ ನಂಜು ಎಷ್ಟು ಒಗ್ಗರಣೆ ಹಾಕಿದರೂ ಜಗ್ಗುವುದಿಲ್ಲ. ಹೀಗೆ ರೋಗವನ್ನೂ ಮದ್ದನ್ನೂ ಒಬ್ಬರೇ ಒದಗಿಸುವ ವ್ಯವಸ್ಥೆ ಕುಟುಂಬದೊಳಗೆ ಏರ್ಪಡುತ್ತದೆ.

ಮದ್ದು ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಮೈಸೂರು ಕಡೆಯ ಮಾವ ಮಜ್ಜಿಗೆಗೆ ಮೆಂತ್ಯದ ಪುಡಿ ಕದಡಿಸುತ್ತಾರೆ. ಮಲೆನಾಡಿನವರು ದಾಳಿಂಬೆ ಸಿಪ್ಪೆಯ ತಂಬುಳಿ, ಪೇರಲೆ ಚಿಗುರಿನ ತಂಬುಳಿ, ಒಣಗಿಸಿಟ್ಟ ಕೊಡಸಿಗೆ ಹೂವಿನ ತಂಬುಳಿ ಎಂದು ಒಂದು ಊಟಕ್ಕಾಗುವಷ್ಟು ಹೇಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಅಜವಾನದ ನೀರು. ಬೆಂಗಳೂರಿನಲ್ಲಿ ಹಾಲಿಲ್ಲದ ಕಡು ಚಹಾಕ್ಕೆ ನಿಂಬೆರಸ, ಅದೂ ಆಗದಿದ್ದರೆ ಸೋಡಾ. ಇವುಗಳಲ್ಲಿ ಹುರುಳಿಲ್ಲವೆಂದಲ್ಲ. ಕಷಾಯಕ್ಕೆ ಬೀಳುವ ಶುಂಠಿ ಓಕರಿಕೆಯನ್ನು ತಗ್ಗಿಸುತ್ತದೆ. ದಾಳಿಂಬೆ ಸಿಪ್ಪೆಯ ಒಗರಿನಲ್ಲಿ ಟ್ಯಾನಿನ್ ಇದೆ. ಮೆಂತ್ಯದ ಲೋಳೆ ನೀರನ್ನು ಹಿಡಿದಿಡುತ್ತದೆ. ಉಪ್ಪು ಬೆರೆಸಿದ ಗಂಜಿ ಇವೆಲ್ಲಕ್ಕಿಂತ ಮೇಲು. ಆದರೆ ಮಾವನ ದೃಷ್ಟಿಯಲ್ಲಿ ಗಂಜಿ ಮದ್ದಲ್ಲ, ಊಟ. ಹೇಳಿದವರಿಗೆ ಅದರಿಂದ ಹೆಸರು ಬರುವುದಿಲ್ಲ.

ಎಚ್ಚರ ಬೇಕಾದದ್ದು ಜಾಯಿಕಾಯಿಯ ವಿಷಯದಲ್ಲಿ. ಮಗುವಿಗೆ ಭೇದಿಯಾದಾಗ ಸಾಣೆಕಲ್ಲಿನ ಮೇಲೆ ಒಂದೆರಡು ಸುತ್ತು ತೇದು ನೆಕ್ಕಿಸುವುದು ಹಳೆಯ ರೂಢಿ. ಮಾವನಿಗೆ ಸುತ್ತುಗಳ ಲೆಕ್ಕ ತಪ್ಪುತ್ತದೆ. ಜಾಯಿಕಾಯಿ ಹೆಚ್ಚಾದರೆ ಮಂಪರು ಕವಿಯುತ್ತದೆ, ಇನ್ನೂ ಹೆಚ್ಚಾದರೆ ಅದೇ ವಿಷ. ಮಗು ಮಂಕಾಗಿ ಮಲಗಿದ್ದನ್ನು ನೋಡಿ, "ನೋಡಿ, ಹೆಂಗೆ ನಿದ್ದೆ ಹತ್ತಿತು!" ಎಂದು ಅವರು ಸುತ್ತಲಿನವರ ಮುಖ ನೋಡುತ್ತಾರೆ. ಇಲ್ಲಿ ಮಾತ್ರ ಅವರ ಮಾತನ್ನು ಯಾರೂ ಕೇಳಬಾರದು.

ಅವರು ಹೇಳುವ ಮದ್ದುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಮಜ್ಜಿಗೆ, ಕಷಾಯ, ತಂಬುಳಿ, ಚಹಾ ಎಲ್ಲವೂ ನೀರೇ. ಹಲವಕ್ಕೆ ಉಪ್ಪೂ ಬಿದ್ದಿರುತ್ತದೆ. ವಾಂತಿಭೇದಿಯಲ್ಲಿ ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ಮೈಯ ನೀರು, ಲವಣ ಬತ್ತುವುದು. ಮಾವನ ಮದ್ದು ಫಲಿಸಿದಾಗಲೆಲ್ಲ ಫಲಿಸಿದ್ದು ಬಹುಪಾಲು ಆ ನೀರು, ಹೆಸರು ಬಂದದ್ದು ಸೊಪ್ಪಿಗೆ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಬೆನ್ನು ಹತ್ತುತ್ತದೆ. ಭೇದಿಯ ನಡುವೆಯೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಬನಗಾಂವ್ ಶಿಬಿರಗಳಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಅಂದರೆ ಅಡುಗೆಮನೆಯಲ್ಲೇ ಸಿಗುವ, ಲೋಕವೇ ಒಪ್ಪಿದ ಮನೆಮದ್ದೊಂದಿದೆ. ಮಾವನಿಗೆ ಅದೊಂದೇ ಆಗಿಬರುವುದಿಲ್ಲ. ಅದು ಕಹಿಯಿಲ್ಲ, ಅದರ ಹಿಂದೆ ಅಜ್ಜಿಯಿಲ್ಲ. ಮೇಲಾಗಿ ಅದಕ್ಕೆ ಅಳತೆಯಿದೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅವರ ವೈದ್ಯದಲ್ಲಿರುವುದು ಚಿಟಿಕೆ, ಹಿಡಿ ಮತ್ತು ಕಣ್ಣಂದಾಜು. ಉಪ್ಪು ಏರಿದರೆ ಎಳೆಯ ಮಕ್ಕಳಿಗೆ ಅಪಾಯ, ಸಕ್ಕರೆ ಏರಿದರೆ ಭೇದಿ ಇನ್ನೂ ಹೆಚ್ಚುತ್ತದೆ ಎಂದು ಸೊಸೆ ವಿವರಿಸಿದರೆ, "ಅಷ್ಟೆಲ್ಲ ಅಳೆಯೋಕೆ ಇದೇನು ಸೊಸೈಟಿ ಅಂಗಡಿಯಾ?" ಎನ್ನುತ್ತಾರೆ.

ಕೀರ್ತಿಯ ವಿಚಾರದಲ್ಲಿ ಪ್ರಕೃತಿ ಅವರ ಪರವಾಗಿದೆ. ಊಟದ ನಂಜು ಬಹುಮಟ್ಟಿಗೆ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಕೊನೆಗೆ ಕೊಟ್ಟ ಮದ್ದಿಗೇ ಹೆಸರು. ಅನುಭವಸ್ಥ ಮಾವ ಮೊದಲ ದಿನ ಬಾಯಿ ತೆರೆಯುವುದಿಲ್ಲ. ಕಿರಿಯ ಮಾವಂದಿರ ಓಮದ ನೀರು, ಮೆಂತ್ಯ ಎಲ್ಲ ಸೋತ ಮೇಲೆ, ಎರಡನೆಯ ದಿನ ಸಂಜೆ ಬಂದು ದಾಳಿಂಬೆ ಸಿಪ್ಪೆ ಹೇಳಿ ಹೋಗುತ್ತಾರೆ. ಮರುದಿನ ರೋಗಿ ಎದ್ದು ದೋಸೆ ಕೇಳುತ್ತಾನೆ.

ಆದರೆ ಎಲ್ಲ ರೋಗಿಗಳೂ ಏಳುವುದಿಲ್ಲ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ 102 ಡಿಗ್ರಿ ದಾಟಿದರೆ, ಮೂತ್ರ ನಿಂತು ಕಣ್ಣು ಒಳಸೇರಿದರೆ, ಕುಡಿದದ್ದೆಲ್ಲ ವಾಂತಿಯಾಗಿ ಹೋದರೆ, ಮೂರು ದಿನವಾದರೂ ಭೇದಿ ನಿಲ್ಲದಿದ್ದರೆ ಆಸ್ಪತ್ರೆಗೇ ಹೋಗಬೇಕು; ಹಸುಗೂಸು, ಗರ್ಭಿಣಿ, ಮುದುಕರಾದರೆ ಇಷ್ಟೂ ಕಾಯಬಾರದು. ಆಟೋ ಬಂದಾಗ ಮೊದಲು ಹತ್ತಿ ಕೂರುವವರು ಮಾವನವರೇ. "ನಾನು ನಿನ್ನೇನೇ ಹೇಳ್ದೆ, ಡಾಕ್ಟರಿಗೆ ತೋರಿಸಿ ಅಂತ" ಎನ್ನುತ್ತಾರೆ. ಡಾಕ್ಟರು ನೋಡಿ ಓಆರ್‌ಎಸ್ ಪೊಟ್ಟಣ ಬರೆದುಕೊಡುತ್ತಾರೆ. ಮಾವ ಕನ್ನಡಕ ಏರಿಸಿ ಪೊಟ್ಟಣದ ಹಿಂಬದಿಯನ್ನು ಓದುತ್ತಾರೆ: ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಸೋಡಿಯಂ ಸಿಟ್ರೇಟ್, ಗ್ಲೂಕೋಸ್. ಇದೇನೆಂದು ವಿಚಾರಿಸಿದಾಗ, ಹೆಚ್ಚುಕಮ್ಮಿ ಉಪ್ಪು ಸಕ್ಕರೆಯೇ ಎಂಬ ಉತ್ತರ ಸಿಗುತ್ತದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಕೇಳುತ್ತಾರೆ: "ಇದಕ್ಕೊಂದು ಚಿಟಿಕೆ ಹುರಿದ ಜೀರಿಗೆ ಪುಡಿ ಹಾಕಿದ್ರೆ ಹೆಂಗೆ ಡಾಕ್ಟ್ರೇ?"