ಫಾರ್ಮ್ಯಾಟ್ ಭಾವ

ಪ್ರತಿ ಬಳಗದಲ್ಲೂ ಇಂಥ ಒಬ್ಬ ಭಾವ ಇರುತ್ತಾರೆ. ಓದಿದ್ದು ಬಿ.ಕಾಂ., ಕೆಲಸ ಸೊಸೈಟಿ ಬ್ಯಾಂಕಿನಲ್ಲಿ. ಆದರೂ ನೆಂಟರಿಷ್ಟರ ಮನೆಯ ಕಂಪ್ಯೂಟರುಗಳೆಲ್ಲ ಒಮ್ಮೆಯಾದರೂ ಅವರ ಕೈಯಲ್ಲೇ ಸತ್ತು, ಅವರ ಕೈಯಲ್ಲೇ ಮರುಹುಟ್ಟು ಪಡೆದಿರುತ್ತವೆ. ಸ್ಲೋ ಆಗಿದೆ ಎನ್ನಿ, ಪ್ರಿಂಟ್ ಬರುತ್ತಿಲ್ಲ ಎನ್ನಿ, ಮೌಸಿನ ಸೆಲ್ ಮುಗಿದಿದೆ ಎನ್ನಿ, ಮದ್ದು ಒಂದೇ: "ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡೋಣ." ಬೈಕಿನ ಕೀ ಗೊಂಚಲಲ್ಲಿ ಪೆನ್‌ಡ್ರೈವ್ ಸದಾ ಸಿದ್ಧ.

ಭಾವನ ಪ್ರತಿಭೆ ಪೂರ್ತಿ ಕಾಣಬೇಕಾದರೆ ಎರಡು ವಿಂಡೋಸ್ ಇರುವ ಕಂಪ್ಯೂಟರ್ ಬೇಕು. ಅದನ್ನೂ ಅವರೇ ಮಾಡಿಟ್ಟಿರುತ್ತಾರೆ. ಅವರ ಮಾವನಿಗೆ ವಿಂಡೋಸ್ 7 ಕೈಗೆ ಒಗ್ಗಿತ್ತು, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಅದರಲ್ಲಿತ್ತು, ಹಳೇ ಪ್ರಿಂಟರ್ ಅದರ ಮಾತನ್ನಷ್ಟೇ ಕೇಳುತ್ತಿತ್ತು. ಹಾಗಾಗಿ ಅದನ್ನು ಮುಟ್ಟದೆ ಪಕ್ಕದಲ್ಲೇ ವಿಂಡೋಸ್ 10 ಕೂರಿಸಿದರು. 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 7ರ ಕೈಬಿಟ್ಟಿತು, ಮಾವ ಬಿಡಲಿಲ್ಲ. ದಿನ ಬೆಳಗಾದರೆ ಯಾವುದು ಬೇಕೆಂದು ಮೆನು 30 ಸೆಕೆಂಡ್ ಕಾಯುತ್ತದೆ. ಮಾವ ಕನ್ನಡಕ ಹುಡುಕಿ ತರುವಷ್ಟರಲ್ಲಿ ತನಗೆ ತೋಚಿದ್ದನ್ನು ಎಬ್ಬಿಸಿರುತ್ತದೆ. ಸಾಕಾಗಿ ಒಂದು ಭಾನುವಾರ, "ಆ ಹಳೇದನ್ನ ತೆಗೆದುಬಿಡಪ್ಪಾ" ಎಂದರು.

"ಐದೇ ನಿಮಿಷ, ಮಾವ."

ಐದು ನಿಮಿಷದ್ದೇ ಕೆಲಸ, ಸುಳ್ಳಲ್ಲ. ಹೊಸ ವಿಂಡೋಸಿನಲ್ಲಿ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಪಟ್ಟಿಯಲ್ಲಿ ಹಳೆಯ ಹೆಸರನ್ನು ಅಳಿಸಿ, ಆಮೇಲೆ ಅದರ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಿದರೆ ಮುಗಿಯಿತು. ಆದರೆ ಅದರಲ್ಲಿ ಗತ್ತೆಲ್ಲಿದೆ? ಭಾವ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಕಪ್ಪು ಪರದೆ ಬರಿಸಿ, ಅಡುಗೆಮನೆಯಿಂದ ಅತ್ತೆಯನ್ನೂ ಕರೆದು ತೋರಿಸುತ್ತಾರೆ. ಇಲ್ಲಿ ಸಿ ಡ್ರೈವ್ ಯಾವುದೆಂಬುದೇ ತಗಾದೆ. ಏಳರಿಂದ ನೋಡಿದರೆ ಏಳೇ ಸಿ, ಹತ್ತರಿಂದ ನೋಡಿದರೆ ಹತ್ತೇ ಸಿ, ಪೆನ್‌ಡ್ರೈವಿನ ಲೆಕ್ಕವೇ ಬೇರೆ. ಭಾವ ಗಾತ್ರ ನೋಡಿ ಅಂದಾಜು ಕಟ್ಟುತ್ತಾರೆ, ಅಂದಾಜು ಸರಿಯಾಗಿಯೂ ಇರುತ್ತದೆ. ಎಡವುವುದು 100 ಎಂಬಿಯ ಪುಟ್ಟ ಪಾರ್ಟಿಷನ್ ಹತ್ತಿರ. "ಇದ್ಯಾಕೆ ಸುಮ್ನೆ ಜಾಗ ತಿಂತಿದೆ?" ಎಂದು ಅದನ್ನೂ ಒರೆಸುತ್ತಾರೆ. ಎರಡೂ ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಇದ್ದದ್ದು ಅಲ್ಲೇ. ವಿಂಡೋಸಿನ ಒಳಗಿಂದ ಅಳಿಸಹೋಗಿದ್ದರೆ ಅದು ಒಪ್ಪುತ್ತಲೇ ಇರಲಿಲ್ಲ.

ಹಳೆಯದು ಹೋಯಿತು, ಹೊಸದು ಏಳದು. ಭಾವನ ಮುಖಕ್ಕೆ ಕಳೆ ಬರುವುದೇ ಆಗ. "ಅತ್ತೆ, ಇನ್ನೊಂದು ಲೋಟ ಕಾಫಿ" ಎನ್ನುತ್ತಾ ತೋಳು ಮಡಚುತ್ತಾರೆ. ಹತ್ತರ ಪಾರ್ಟಿಷನ್ನನ್ನೇ ಆಕ್ಟಿವ್ ಮಾಡಿ, ಬಿಸಿಡಿಬೂಟ್ ಆಜ್ಞೆ ಕೊಟ್ಟು ಬೂಟ್ ಫೈಲುಗಳನ್ನು ಮತ್ತೆ ಬರೆಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಸರಿಮಾಡಿದ್ದಕ್ಕೆ ಎಲ್ಲರೂ ಹೊಗಳುತ್ತಾರೆ. ಕೆಡಿಸಿದ್ದು ಯಾರೆಂದು ನೆಂಟಸ್ತಿಕೆಯಲ್ಲಿ ಯಾರೂ ಕೇಳುವುದಿಲ್ಲ.

ತೆರವಾದ ಜಾಗವಾದರೂ ದಕ್ಕಿತೇ? ಏಳು ಮೊದಲು ಬಂದದ್ದು, ಆದ್ದರಿಂದ ಅದರ ಜಾಗ ಹತ್ತರ ಎಡಕ್ಕಿದೆ. ವಿಂಡೋಸ್ ಹಿಗ್ಗುವುದು ಬಲಕ್ಕೆ ಮಾತ್ರ. ಪಕ್ಕದ ಸೈಟು ಖಾಲಿಯಾಯಿತೆಂದು ಕಾಂಪೌಂಡ್ ಒಡೆಯಲು ಬರುವುದಿಲ್ಲವಲ್ಲ, ಹಾಗೆ.

ಚಪ್ಪಲಿ ಮೆಟ್ಟುತ್ತಾ ಭಾವ ಕೇಳುತ್ತಾರೆ: "ಅಂದಹಾಗೆ ಮಾವ, ಬ್ಯಾಕಪ್ ತಗೊಂಡಿದ್ರಿ ತಾನೆ?"

ಅತ್ತೆ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದ ದೇವರನಾಮಗಳೆಲ್ಲ ಏಳರ ಡೆಸ್ಕ್‌ಟಾಪ್ ಮೇಲಿದ್ದವು. ಭಾವನಿಗೆ ಕಿಂಚಿತ್ತೂ ಗಾಬರಿಯಿಲ್ಲ. ರಿಕವರಿ ಸಾಫ್ಟ್‌ವೇರ್ ಇದೆಯಂತೆ, ಮುಂದಿನ ಭಾನುವಾರ ತರುತ್ತಾರಂತೆ.

ನಿಮ್ಮ ಮನೆಯಲ್ಲೂ ಎರಡು ವಿಂಡೋಸ್ ಇದ್ದರೆ, ಫೈಲುಗಳನ್ನು ಇವತ್ತೇ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಮೆನುವಿನ 30 ಸೆಕೆಂಡನ್ನು ಅದೇ ಎಂಎಸ್‌ಕಾನ್ಫಿಗ್‌ನಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಭಾವನಿಗೆ ಹೇಳಬೇಡಿ.