ಕಾಯಿನ್ ಲಾಟರಿಯ ಅಡ್ಮಿನ್ ಸಾಹೇಬರಿಗೊಂದು ಬಹಿರಂಗ ಪತ್ರ

ನ್ಯೂ ಟೌನ್, ಭದ್ರಾವತಿ

ಮಾನ್ಯ ಅಡ್ಮಿನ್ ಸಾಹೇಬರೇ,

ಈ ಸಲದ ಡ್ರಾನಲ್ಲಿ ಮೊದಲ ಬಹುಮಾನ ನಿಮ್ಮ ಭಾಮೈದನಿಗೆ ಬಂತೆಂದು ತಿಳಿದು ಪರಮಾನಂದವಾಯಿತು. ಹೋದ ಸಲ ನಿಮ್ಮ ಅಣ್ಣನ ಮಗನಿಗೆ ಹೊಡೆದಿತ್ತು. ಚಂಚಲೆ ಎಂದು ಹೆಸರಾದ ಲಕ್ಷ್ಮಿ ನಿಮ್ಮ ಮನೆಯಲ್ಲಿ ಕಾಲು ಮುರಿದುಕೊಂಡು ಬಿದ್ದಿರುವುದು ನಮ್ಮೂರಿಗೇ ಹೆಮ್ಮೆ.

ಕೆಲವರು ಗೊಣಗುತ್ತಿದ್ದಾರೆ, ಕ್ಷಮಿಸಿಬಿಡಿ. ಅವರೆಲ್ಲ ಕಾರ್ಖಾನೆಯ ಜನ. ಈ ಊರಲ್ಲಿ ಕಬ್ಬಿಣ ಕರಗಲು ಶುರುವಾದದ್ದು 1923ರಲ್ಲಿ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರಿಗೆ ಹೀಟ್ ನಂಬರು, ಅಂದರೆ ಒಂದೊಂದು ಸಲ ಕರಗಿಸಿದ ಉಕ್ಕಿಗೂ ಕೊಡುವ ಗುರುತಿನ ಸಂಖ್ಯೆ, ಗೊತ್ತು. ಸರಳು ಎಲ್ಲಿ ಹೋಗಿ ಮುರಿದರೂ ಆ ನಂಬರು ಹಿಡಿದು ಹೊರಟರೆ ಯಾವ ಉಕ್ಕು, ಅದರಲ್ಲಿ ಏನೇನು ಬೆರೆತಿತ್ತು ಎಂಬುದೆಲ್ಲ ಸಿಗುತ್ತದೆ. 2023ರ ಜನವರಿಯಲ್ಲಿ ಸೈಲ್ ಕಾರ್ಖಾನೆ ಮುಚ್ಚುವ ಮಾತೆತ್ತಿದಾಗ ನಿದ್ದೆಗೆಟ್ಟವರು ಇವರು. ಇಂಥವರ ಗ್ರಾಚುಟಿ ದುಡ್ಡು ಕಾಯಿನ್ ಆಗಿ ನಿಮ್ಮ ವಾಲೆಟ್ ಸೇರಿದೆ. ಲೆಕ್ಕ ಕೇಳುವುದು ಅವರಿಗೆ ಅಂಟಿಕೊಂಡ ಕೆಟ್ಟ ಚಾಳಿ.

ಬ್ಲಾಕ್‌ಚೈನ್ ಅಂದರೆ ಎಲ್ಲರ ಕಣ್ಣೆದುರಿನ ಖಾತೆ ಪುಸ್ತಕ ಎಂದಿರಿ. ನಿಜ, ನಾವು ಕಟ್ಟಿದ್ದು ಅದರಲ್ಲಿ ಕಾಣುತ್ತದೆ. ಗೆಲ್ಲುವ ನಂಬರನ್ನು ಮಾತ್ರ ನೀವು ಕದ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಹುಟ್ಟಿಸಿ, ನಮಗೆ ಸ್ಕ್ರೀನ್‌ಶಾಟ್ ಕಳಿಸುತ್ತೀರಿ.

ನಮ್ಮ ಎದುರುಮನೆಯ ಅಕ್ಕ ಚೀಟಿ ನಡೆಸುತ್ತಿದ್ದರು. ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ, ಮಡಚಿ, ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿ, ಯಾರದೋ ಮಗುವಿನ ಕೈಲಿ ಎತ್ತಿಸುತ್ತಿದ್ದರು. ಅಲ್ಲಿಗೇ ಮುಗಿಯುತ್ತಿರಲಿಲ್ಲ. ಉಳಿದ ಚೀಟಿಗಳನ್ನೂ ಬಿಚ್ಚಿ ತೋರಿಸಬೇಕಿತ್ತು, ಎಲ್ಲದರಲ್ಲೂ ಒಂದೇ ಹೆಸರು ಬರೆದಿಲ್ಲ ಎಂದು.

ನಿಮ್ಮ ತಂತ್ರಜ್ಞಾನದಲ್ಲೂ ಅಂಥ ಡಬ್ಬಿ ಇದೆ. ಟಿಕೆಟ್ ಪಟ್ಟಿಯನ್ನು ಮೊದಲೇ ಮುಚ್ಚಿ ಪ್ರಕಟಿಸಿ. ನಾಳೆ ಹುಟ್ಟಲಿರುವ ಬಿಟ್‌ಕಾಯಿನ್ ಬ್ಲಾಕ್ ಒಂದರ ಸಂಖ್ಯೆಯನ್ನು ಇವತ್ತೇ ಹೇಳಿ. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಬರುತ್ತದೆ, ಅದರ 64 ಅಕ್ಷರ-ಅಂಕಿಗಳ ಹ್ಯಾಶ್ ಏನಿರುತ್ತದೆಂದು ಯಾರಿಗೂ ಮೊದಲೇ ತಿಳಿಯದು. ಆ ಹ್ಯಾಶನ್ನು ಸಂಖ್ಯೆಯಾಗಿ ಓದಿ, ಟಿಕೆಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಉಳಿದ ಶೇಷವೇ ಗೆದ್ದ ನಂಬರು; ಶೇಷ ಸೊನ್ನೆಯಾದರೆ ಕೊನೆಯ ಟಿಕೆಟ್. ಹೈಸ್ಕೂಲು ಹುಡುಗಿಯೂ ತಾಳೆ ನೋಡಬಹುದು. ಇದನ್ನು ಹೇಳಿದ ದಿನ ನಿಮ್ಮ ಸರ್ವರ್ ಡೌನ್ ಆಗಿತ್ತು.

ಕೇರಳ ಸರ್ಕಾರ 1967ರಿಂದ ಲಾಟರಿ ನಡೆಸುತ್ತಿದೆ, ತೀರ್ಪುಗಾರರ ಎದುರಿಗೇ ಡ್ರಾ ಮಾಡುತ್ತದೆ. 2024ರ ಓಣಂ ಬಂಪರ್‌ನ 25 ಕೋಟಿ ಗಡಿ ದಾಟಿ ಮಂಡ್ಯ ಜಿಲ್ಲೆಗೆ ಬಂತು. ಕೇರಳದ ಮಂತ್ರಿಗಳಿಗೆ ಭಾಮೈದಂದಿರಿಲ್ಲವೋ ಏನೋ.

ನಮ್ಮ ರಾಜ್ಯ 2007ರಲ್ಲೇ ಲಾಟರಿಗೆ ಬಾಗಿಲು ಹಾಕಿತು. 1998ರ ಕೇಂದ್ರ ಕಾಯ್ದೆಯ ಪ್ರಕಾರ ಲಾಟರಿ ನಡೆಸುವ ಅವಕಾಶವಿರುವುದು ರಾಜ್ಯ ಸರ್ಕಾರಗಳಿಗೆ, ಬಡಾವಣೆಯ ಅಡ್ಮಿನ್‌ಗಳಿಗಲ್ಲ. ಅದಕ್ಕೇ ತಾವು ‘ಇದು ಲಾಟರಿಯಲ್ಲ, ಕಮ್ಯುನಿಟಿ ರಿವಾರ್ಡ್’ ಎನ್ನುತ್ತೀರಿ. ಟಿಕೆಟ್ ಮಾರುವಾಗ ಮಾತ್ರ ಬಾಯಿ ತಪ್ಪಿ ಲಾಟರಿ ಎಂದೇ ಬರುತ್ತದೆ.

ಆದ್ದರಿಂದ ಹ್ಯಾಶು, ಡಬ್ಬಿ ಯಾವುದೂ ಬೇಡ. ಎಷ್ಟೇ ಪಾರದರ್ಶಕ ಮಾಡಿದರೂ ಕಾನೂನು ಒಪ್ಪದ ಆಟ ಇದು. ಮುಂದಿನ ಡ್ರಾನಲ್ಲಿ ಎಲ್ಲ ಟಿಕೆಟ್‌ಗೂ ಒಂದೇ ಬಹುಮಾನ ಘೋಷಿಸಿ: ಕಟ್ಟಿದ ದುಡ್ಡು ವಾಪಸ್. ಯಾರು ಎಷ್ಟು ಕಟ್ಟಿದ್ದಾರೆಂದು ಹುಡುಕುವ ಶ್ರಮವೂ ತಮಗಿಲ್ಲ. ಆ ಲೆಕ್ಕವನ್ನು ಬ್ರಹ್ಮ ಬಂದರೂ ಅಳಿಸಲಾರ ಎಂದು ತಾವೇ ಅಪ್ಪಣೆ ಕೊಡಿಸಿದ್ದೀರಲ್ಲ.

ಇಂತಿ ನಿಮ್ಮ,
ಸೋತ ಟಿಕೆಟ್‌ದಾರ