ದೇವರ ಎತ್ತಿನ ವೈವಾ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮ್ಯಾಸಬೇಡರ ಕಟ್ಟೆಮನೆಯ, ಅಂದರೆ ಬುಡಕಟ್ಟಿನ ಕುಲಕೇಂದ್ರದ, ಊರು. ಇವರ ದೇವರ ಎತ್ತುಗಳ ಹೆಗಲಿಗೆ ನೊಗ ಏರುವುದಿಲ್ಲ. ಅವನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಮೇಯಿಸಲು ಕಿಲಾರಿ, ಇರಲು ಮುಳ್ಳುಬೇಲಿಯ ರೊಪ್ಪ. ದುಡಿಮೆಯಿಲ್ಲ, ವರ್ಗಾವಣೆಯಿಲ್ಲ, ಸಾಯುವತನಕ ಗೌರವಕ್ಕೆ ಮೋಸವಿಲ್ಲ. ಇಂಥ ಹುದ್ದೆಯ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಿಗೆ ವಿಶೇಷ ಒಲವು ಇರುವುದು ಸಹಜವೇ. ಆ ಒಲವಿನ ಫಲವನ್ನು ಉಂಡವರನ್ನೇ ಕೇಳೋಣ ಎಂದು ಒಂದು ಹಿರಿಯ ಎತ್ತನ್ನು ಮಾತಿಗೆ ಎಳೆದೆವು. ಪಕ್ಕದಲ್ಲಿ ಕಿಲಾರಿ ಕಂಬಳಿ ಹೊದ್ದು ಕೂತಿದ್ದರು. ಎತ್ತಿನ ಮಾತಿಗೆ ಆಗಾಗ ತಿದ್ದುಪಡಿ ಹಾಕುತ್ತಿದ್ದವರು ಅವರೇ.

ಸ್ವಾಮಿ, ನಮಸ್ಕಾರ. ಸ್ವಲ್ಪ ಹೊತ್ತು ಮಾತಾಡಬಹುದೇ?

ಮಾತಾಡಪ್ಪ. ಮೊದಲು ನೀನು ಯಾವ ವಿಭಾಗದೋನು ಅಂತ ಹೇಳು. ಜಾನಪದನಾ, ಮಾನವಶಾಸ್ತ್ರನಾ, ಪಶುವೈದ್ಯನಾ, ಎಂ.ಎಡ್ಡಾ? ಜಾನಪದ ಆದ್ರೆ ಬಾಯಿ ತೆಗೀಬೇಕು, ಪಶುವೈದ್ಯ ಆದ್ರೆ ಬಾಲ ಎತ್ತಬೇಕು. ಮೊದಲೇ ತಿಳಿದಿದ್ರೆ ಅನುಕೂಲ.

ಪತ್ರಿಕೆಯವನು.

ಹಂಗಾದ್ರೆ ಬರೆದಿದ್ದಕ್ಕೆ ನಿಂಗೆ ಬಡ್ತಿ ಪಾಯಿಂಟ್ ಸಿಗಲ್ಲ. ಪಾಪ, ಕೂತ್ಕೋ.

ಸಂಶೋಧಕರ ಕಾಟ ಅಷ್ಟಿದೆಯೇ?

ಕಾಟ ಅಂತ ಯಾಕಂತೀಯ? ನಮ್ಮ ಹಟ್ಟಿಯೋರು ಹಿಂದಿನಿಂದಲೂ ಕೋಳಿ ಸಾಕಲ್ಲ, ತಿನ್ನೋದೂ ಇಲ್ಲ. ಬೆಳಗಾಗೆದ್ದು ನಮ್ಮನ್ನ ಎಬ್ಬಿಸೋಕೆ ಯಾರಾದ್ರೂ ಬೇಕಲ್ಲ? ಇವರು ಬರ್ತಾರೆ, ಫೋಟೊ ಹೊಡೀತಾರೆ, ಕಿಲಾರಿ ಕೈಗೆ ವಿಜ್ಞಾನದ ಬಗ್ಗೆ ಒಂದು ಫಾರಂ ಕೊಡ್ತಾರೆ. ‘ಈ ಕೆಳಗಿನ ಹೇಳಿಕೆಯನ್ನು ನೀವು ತೀವ್ರವಾಗಿ ಒಪ್ಪುತ್ತೀರಿ, ಒಪ್ಪುತ್ತೀರಿ, ತಟಸ್ಥ, ಒಪ್ಪುವುದಿಲ್ಲ, ತೀವ್ರವಾಗಿ ಒಪ್ಪುವುದಿಲ್ಲ.’ ಇವನು ತಟಸ್ಥಕ್ಕೆ ಗೀಟು ಹಾಕ್ತಾನೆ. ಅದು ಚಿಕ್ಕ ಪದ, ಅದಕ್ಕೆ.

(ಕಿಲಾರಿ: ‘ಕನ್ನಡಕ ಮನೇಲಿತ್ತು ಸಾಮಿ. ಪೆನ್ನು ಅವರೇ ಹಿಡ್ಕೊಂಡಿದ್ರು.’)

ಅದರಿಂದ ಏನು ತೀರ್ಮಾನಕ್ಕೆ ಬಂದರು?

ಬುಡಕಟ್ಟು ಸಮುದಾಯಗಳಲ್ಲಿ ವಿಜ್ಞಾನದ ಬಗ್ಗೆ ತಟಸ್ಥ ಮನೋಭಾವ ಐತೆ ಅಂತ ತೀರ್ಮಾನ ಆಗಿರಬೇಕು. ನಮಗೆ ಯಾರು ಹೇಳ್ತಾರೆ? ನನ್ನ ಹಿಂದೆ ದನ ಕಾಯೋ ಹುಡುಗ ಕರಡ ಹುಲ್ಲು ಯಾವುದು, ಹಂಚಿ ಹುಲ್ಲು ಯಾವುದು, ಯಾವ ಮಳೆಗೆ ಯಾವುದು ಚಿಗುರುತ್ತೆ, ಯಾವುದು ತಿಂದ್ರೆ ಹೊಟ್ಟೆ ಉಬ್ಬುತ್ತೆ, ಎಲ್ಲಾ ಬಲ್ಲ. ಕಮರದ ಸೊಪ್ಪು ಬೇಸಿಗೆಗೆ ಆಗುತ್ತೆ ಅಂತ ಅವನಿಗೆ ಯಾರೂ ಪಾಠ ಮಾಡಲಿಲ್ಲ. ಅದೇ ಹುಡುಗ ಶಾಲೇಲಿ ‘ಸಸ್ಯಗಳ ವರ್ಗೀಕರಣ’ದಲ್ಲಿ ಫೇಲು. ಇದು ಯಾಕೆ ಹಿಂಗಾಗುತ್ತೆ ಅಂತ ಯಾರಾದ್ರೂ ಒಬ್ಬ ಪಿಎಚ್‌ಡಿ ಮಾಡಲಿ, ಎದ್ದು ನಿಂತು ಬಾಲ ಎತ್ತುತೀನಿ, ಪಶುವೈದ್ಯ ಅಲ್ಲದಿದ್ರೂ.

ನೀವು ಅಮೃತ ಮಹಲ್ ತಳಿಯವರೇ?

ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಹಳ್ಳಿಕಾರ್ ಛಾಯೆ ಅಂತಾರೆ, ಮೂರನೆಯವರು ಟೇಪ್ ಹಿಡಿದು ಕೊಂಬು ಅಳೀತಾರೆ. ವಂಶ ಏನೇ ಇರಲಿ, ಅಮೃತ ಮಹಲ್‌ನೋರ ಚರಿತ್ರೆ ನಮ್ಮ ಸೀಮೇದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ, ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಆ ದನಗಳನ್ನೂ ಎತ್ಕೊಂಡ್ರು. ಫಿರಂಗಿ ಎಳೆಯೋಕೆ ಇವಕ್ಕೆ ಸಮ ಇಲ್ಲ ಅಂತ ಹೊಗಳಿದ್ದು ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆ ವೆಲ್ಲೆಸ್ಲಿ ದೊರೆ. ನೆಪೋಲಿಯನ್ನನ್ನ ಸೋಲಿಸಿದೋನು ಕೊಟ್ಟ ಶಿಫಾರಸು ಪತ್ರ ಐತೆ ನಮ್ಮೋರ ಹತ್ರ. ಈಗಿನ ಕಾಲದಲ್ಲಿ ಸಹಾಯಕ ಪ್ರಾಧ್ಯಾಪಕನ ಹುದ್ದೆಗೂ ಅದು ಸಾಲದು ಅನ್ನೋದು ಬೇರೆ ಮಾತು.

ಆ ದನಗಳಿಗೆಂದೇ ಬಿಟ್ಟ ಕಾವಲುಗಳು ಈಗ ವಿಜ್ಞಾನ ನಗರಿ ಆಗಿವೆಯಲ್ಲ?

ಕುದಾಪುರ, ವರವು, ಉಳ್ಳಾರ್ತಿ. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ ನಾಲ್ಕು ಸಾವಿರದ ಮೇಲೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800ರ ಹತ್ರ, ಇಸ್ರೋಗೂ ಒಂದಿಷ್ಟು. ಅದೇ ವಿಜ್ಞಾನ ಸಂಸ್ಥೆ ಟಾಟಾ ಇನ್‌ಸ್ಟಿಟ್ಯೂಟು ಅಂತ ಬೆಂಗಳೂರಲ್ಲಿ ಶುರುವಾದಾಗ ಮೈಸೂರು ಮಹಾರಾಜರು ಕೊಟ್ಟಿದ್ದು 371 ಎಕರೆ. ಅಷ್ಟರಲ್ಲೇ ಸಿ.ವಿ. ರಾಮನ್ ಡೈರೆಕ್ಟರ್ ಆಗಿ ಹೋದ್ರು. ಇಲ್ಲಿ ಅದರ ನಾಲ್ಕರಷ್ಟು ಐತೆ. ಎಷ್ಟು ಜನ ರಾಮನ್ ಬರ್ತಾರೋ ನೋಡೋಣ. ಹುಲ್ಲಂತೂ ಹೋಯ್ತು.

ದೇಶಕ್ಕೆ ಸಂಶೋಧನೆ ಬೇಡವೇ ಸ್ವಾಮಿ?

ಬೇಡ ಅಂದೋರ್ಯಾರು? ವಿಜ್ಞಾನ ಸಂಸ್ಥೆಯ ಕುದಾಪುರದ ಕ್ಯಾಂಪಸ್‌ನಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರ ಅಂತ ಐತೆ. ಹತ್ತು ವರ್ಷಕ್ಕೂ ಮೀರಿ ಹಳ್ಳಿ ಶಾಲೆ, ಹೈಸ್ಕೂಲು, ಕಾಲೇಜಿನ ಮೇಷ್ಟ್ರುಗಳನ್ನ ಕರೆಸಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಹೇಳಿಕೊಡ್ತಾರೆ, ಕೈಯಾರೆ ಪ್ರಯೋಗ ಮಾಡಿಸ್ತಾರೆ. ಸುಮ್ನೆ ಭಾಷಣ ಅಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ್ರೂ ಪಿಪೆಟ್ ಮುಟ್ಟದೇ ಇದ್ದ ಮೇಷ್ಟ್ರು ಅಲ್ಲಿ ಮೊದಲ ಸಲ ಮುಟ್ಟಿ ಮಗುವಿನಂಗೆ ಖುಷಿಪಡ್ತಾನಂತೆ. ಒಳ್ಳೇ ಕೆಲಸ, ಒಳ್ಳೇದು ಅಂತೀನಿ. ಗಾಳಿಯಲ್ಲಿ ದೂಳು ಎಷ್ಟು, ಬಿಸಿಲು ಎಷ್ಟು ಅಂತ ಅಳೆಯೋ ವೀಕ್ಷಣಾಲಯನೂ ಇಟ್ಟವ್ರೆ. ದೂಳು ಬೇಕಾದಷ್ಟು ಐತೆ. ಮಳೆ ಕಮ್ಮಿ ಬೀಳೋ ತಾಲ್ಲೂಕು ಅಂದ್ರೆ ರಾಜ್ಯದಲ್ಲಿ ನಮ್ಮದನ್ನೇ ಮೊದಲು ಹೇಳ್ತಾರೆ. ಸಾಮಗ್ರಿಗೆ ಬರ ಇಲ್ಲ.

ಆದ್ರೆ ಆ ಕಾವಲಿನ ಸುತ್ತ ಇದ್ದ ಹಟ್ಟಿಗಳ ಕುರಿ, ದನ ಎಲ್ಲಿ ಹೋಗಬೇಕು ಅನ್ನೋದಕ್ಕೆ ಯಾವ ಪ್ರಯೋಗಾಲಯದಲ್ಲಿ ಉತ್ತರ ಹುಡುಕ್ತಾ ಅವ್ರೆ? ಚಳ್ಳಕೆರೆ ಕಂಬಳಿ ಅಂದ್ರೆ ದೇಶಕ್ಕೆಲ್ಲ ಗೊತ್ತು. ಕುರಿ ಮೇಯದೆ ಕಂಬಳಿ ಎಲ್ಲಿಂದ ಬರುತ್ತೆ? ಗೋಡೆ ಎದ್ದಾಗ ಜನ ಕೂಗಾಡಿದ್ರು, ಹಸಿರು ನ್ಯಾಯಮಂಡಳಿ ತನಕ ಹೋದ್ರು. ಕಾಗದದಲ್ಲಿ ಆ ನೆಲದ ಹೆಸರು ಏನಿತ್ತು ಗೊತ್ತಾ? ಪಾಳುಭೂಮಿ. ದೇಶದ ಪಾಳುಭೂಮಿ ನಕಾಶೆ ಅಂತ ಒಂದು ಮಾಡವ್ರೆ. ಹುಲ್ಲುಗಾವಲು ಕಂಡ್ರೆ ಅದಕ್ಕೆ ಸೇರಿಸೋದು ರೂಢಿ. ಮರ ಇದ್ರೆ ಕಾಡು, ಬೆಳೆ ಇದ್ರೆ ಹೊಲ, ಬರೀ ಹುಲ್ಲಿದ್ರೆ ಪಾಳು. ಕೃಷ್ಣಮೃಗ ಅಲ್ಲಿತ್ತು, ತೋಳ ಅಲ್ಲಿತ್ತು. ಹುಲ್ಲು ನೆಲದೊಳಗೆ ಇಂಗಾಲ ಹಿಡಿದಿಡುತ್ತೆ ಅಂತ ಈಗ ವಿಜ್ಞಾನಿಗಳೇ ಪೇಪರ್ ಬರೀತಾ ಅವ್ರೆ. ಪೇಪರ್ ಬರೋ ಹೊತ್ತಿಗೆ ಹುಲ್ಲಿನ ಮೇಲೆ ಕಾಂಕ್ರೀಟು ಒಣಗಿತ್ತು.

ಆದರೆ ಅಲ್ಲಿನ ಸಾಧನೆಗಳೂ ಇವೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನ ಅಲ್ಲೇ ಇಳಿಯಿತು.

ನೋಡಿಲ್ಲ, ಕೇಳಿದೀನಿ. ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಡ್ತಂತೆ, ಅದು ತಾನಾಗೇ ದಾರಿ ಹುಡುಕ್ಕೊಂಡು ಬಂದು ರನ್‌ವೇ ಮೇಲೆ ಇಳೀತಂತೆ. 2024ರಲ್ಲಿ ಇನ್ನೆರಡು ಸಲ. ಶಭಾಷ್. ನಾನೂ ದಿನಾ ಸಂಜೆ ಯಾರೂ ಹೊಡೀದಂಗೆ ರೊಪ್ಪಕ್ಕೆ ಬಂದು ನಿಲ್ತೀನಿ, ಗಾಳಿ ಎಷ್ಟೇ ಬೀಸಲಿ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇನ್ನೊಂದೂ ನೆನಪೈತೆ. 2019ರಲ್ಲಿ ಡಿಆರ್‌ಡಿಒದ ಚಾಲಕರಿಲ್ಲದ ರುಸ್ತುಂ ವಿಮಾನ ಜೋಡಿಚಿಕ್ಕೇನಹಳ್ಳಿ ಹತ್ರ ಅಡಿಕೆ ತೋಟಕ್ಕೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಜನ ಹಬ್ಬದಂಗೆ ನೋಡೋಕೆ ಹೋದ್ರು. ಬೇರೆ ಯಾವ ದನ ಆದ್ರೂ ಆ ತೋಟಕ್ಕೆ ನುಗ್ಗಿದ್ರೆ ದೊಡ್ಡಿಗೆ ಹೊಡೀತಿದ್ರು, ಜುಲ್ಮಾನೆ ಕಟ್ಟಿಸ್ಕೊತಿದ್ರು.

ನಿಮ್ಮ ತೇಗಿನಿಂದ ಮೀಥೇನ್ ಹೊರಬಂದು ಭೂಮಿ ಬಿಸಿಯಾಗುತ್ತಿದೆ ಎಂಬ ಆರೋಪ ಇದೆ.

ಗೊತ್ತು. ಬೆಂಗಳೂರಿನ ಆಡುಗೋಡಿಯಲ್ಲಿ ದನಗಳ ಪೋಷಣೆ ಸಂಸ್ಥೆಯೋರು ‘ಹರಿತ್ ಧಾರಾ’ ಅಂತ ಒಂದು ಪುಡಿ ಮಾಡವ್ರೆ. ಮೇವಿನ ಜೊತೆ ಕೊಟ್ರೆ ಮೀಥೇನು ನೂರಕ್ಕೆ 17ರಿಂದ 20ರಷ್ಟು ಇಳಿಯುತ್ತಂತೆ. ಒಳ್ಳೇ ಮೇಧಾವಿಗಳು. ‘ಮೇವಿನ ಜೊತೆ’ ಅನ್ನೋದೇ ತೊಡಕು. ಬೇಸಿಗೆ ಬಂದ್ರೆ ನಮ್ಮೋರು ಮೇವಿಗಾಗಿ ದಾನಿಗಳ ಮನೆ ಬಾಗಿಲು ಬಡೀತಾರೆ. ಖಾಲಿ ಹೊಟ್ಟೆ ತೇಗಲ್ಲ ಕಣಪ್ಪ. ಆ ಲೆಕ್ಕದಲ್ಲಿ ಹವಾಮಾನ ಉಳಿಸ್ತಿರೋದು ನಮ್ಮ ಬರಗಾಲವೇ.

ನಿಮ್ಮ ಮೇಲೆ ಸಂಶೋಧನೆ ಮಾಡಲು ಅನುಮತಿ ಕೇಳುತ್ತಾರೆಯೇ?

ಅದೇ ಗೊಂದಲ. ಪ್ರಾಣಿ ಆದ್ರೆ ಪ್ರಾಣಿ ಪ್ರಯೋಗದ ಸಮಿತಿ ಬೇಕು, ಮನುಷ್ಯ ಆದ್ರೆ ನೈತಿಕತೆ ಸಮಿತಿ. ನಾನು ದೇವರು. ದೇವರಿಗೆ ಯಾವ ಫಾರಂ ಅಂತ ಇನ್ನೂ ಸುತ್ತೋಲೆ ಬಂದಿಲ್ಲ.

ಕೃತಿಚೌರ್ಯದ ಬಗ್ಗೆ?

ಯುಜಿಸಿ 2018ರಲ್ಲಿ ನಿಯಮ ಮಾಡ್ತು. ನೂರಕ್ಕೆ ಹತ್ತರ ತನಕ ಬೇರೆಯೋರದ್ದು ಹೋಲಿಕೆ ಬಂದ್ರೆ ಶಿಕ್ಷೆ ಇಲ್ಲ, ಅರವತ್ತು ದಾಟಿದ್ರೆ ನೋಂದಣಿನೇ ರದ್ದು. ಅದೇ ವರ್ಷ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನ ತೆಗೆದು ಹಾಕ್ತು. ಅಷ್ಟು ಪತ್ರಿಕೆಗಳು ಒಂದೇ ದಿನ ಸತ್ರೆ, ಅವುಗಳಲ್ಲಿ ಅಚ್ಚಾದ ಜ್ಞಾನ ಎಲ್ಲಿಗೆ ಹೋಯ್ತೋ! ನಾನೂ ದಿನವಿಡೀ ಮೆಲುಕು ಹಾಕ್ತೀನಿ, ಒಪ್ಪಿದೆ. ಆದ್ರೆ ನಾನು ಮೇಯ್ದಿದ್ದನ್ನ ನಾನು ಮೆಲುಕು ಹಾಕ್ತೀನಿ. ನಿಮ್ಮೋರು ಇನ್ನೊಬ್ಬರು ಮೇಯ್ದಿದ್ದನ್ನ.

ಎಲ್ಲರೂ ಹಾಗೇನಾ?

ಛೇ, ಹಂಗಂದ್ರೆ ನಾಲಿಗೆ ಬಿದ್ದೋಗುತ್ತೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಗೊತ್ತಾ? ಅಕ್ಷರ ಬರ್ತಿರಲಿಲ್ಲ, ಹಾಡಿದ್ರೆ ನಿಲ್ತಿರಲಿಲ್ಲ, ಸಾವಿರಗಟ್ಟಲೆ ಹಾಡು ಅವಳ ಹೊಟ್ಟೇಲಿತ್ತು. ಕೃಷ್ಣಮೂರ್ತಿ ಹನೂರು ಮೇಷ್ಟ್ರು ಬಂದು ಕೂತು ಕೇಳಿದ್ರು. ಬರ್ಕೊಂಡು ಓಡಲಿಲ್ಲ, ಮತ್ತೆ ಮತ್ತೆ ಬಂದ್ರು. ಪುಸ್ತಕ ಮಾಡಿದಾಗ ಅದರ ಹೆಸರಲ್ಲೇ ಅಜ್ಜಿ ಇದ್ಲು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವಳಿಗೆ ನಾಡೋಜ ಕೊಡ್ತು. ಓದದೇ ಇರೋ ಅಜ್ಜಿಗೆ ವಿಶ್ವವಿದ್ಯಾಲಯವೇ ತಲೆ ಬಾಗಿತು. ಅಂಥದ್ದು ಹತ್ತು ನಡೆದಿದ್ರೆ ನಾನು ಇವತ್ತು ಇಷ್ಟು ಬಾಯಿ ಬಿಡ್ತಿರಲಿಲ್ಲ.

ಹೆಸರು ಬರುವುದು ಅಷ್ಟು ಮುಖ್ಯವೇ?

ಮೊಳಕಾಲ್ಮೂರಿನ ಬ್ರಹ್ಮಗಿರಿಗೆ ಹೋಗಿ ಬಾ. ಬಿ.ಎಲ್. ರೈಸ್ 1892ರಲ್ಲಿ ಅಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಅದೇ ಜಾಗ ಅಗೆದ. ಬಂಡೆ ಮೇಲಿನ ಮಾತು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೇದು. ಅದರಲ್ಲಿ ಮೂರು ವಿಷಯ ನೋಡು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಆದೇಶ ಹೊರಟಿದೆ, ಆದ್ರೆ ಮೊದಲು ಅವರ ಆರೋಗ್ಯ ವಿಚಾರಿಸ್ತಾರೆ, ಆಮೇಲೆ ವಿಷಯ. ಈಗಿನ ಪ್ರಶ್ನಾವಳಿಯಲ್ಲಿ ಮೊದಲು ಜಾತಿ, ಆಮೇಲೆ ವಾರ್ಷಿಕ ವರಮಾನ. ಎರಡನೇದು, ಶಿಷ್ಯ ಗುರುವನ್ನ ಗೌರವಿಸಬೇಕು ಅಂತ ಐತೆ. ಅದನ್ನ ಎಲ್ಲಾ ಗೈಡುಗಳೂ ಬಾಯಿಪಾಠ ಮಾಡವ್ರೆ, ಮನೆ ತರಕಾರಿ ತರೋದೂ ಅದರಲ್ಲೇ ಸೇರುತ್ತೆ ಅಂತ ಭಾಷ್ಯ ಬರೆದವ್ರೆ. ಮೂರನೇದೇ ನನಗೆ ಬೇಕಾದ್ದು. ಕೊನೇಲಿ ಬರೆದ ಲಿಪಿಕಾರನ ಹೆಸರು ಐತೆ, ಚಪಡ. ಅವನು ಸಣ್ಣ ನೌಕರ. ‘ಲಿಪಿಕಾರ’ ಅನ್ನೋದನ್ನ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬೇರೆ ಕೆತ್ತಿದ. ಚಕ್ರವರ್ತಿಯ ಕಾಗದದಲ್ಲಿ ಗುಮಾಸ್ತನ ಹೆಸರು ಉಳೀತು. ನನ್ನ ಕಿಲಾರಿ ಹೇಳಿದ್ದರ ಮೇಲೆ ಎಷ್ಟೋ ಜನ ಡಾಕ್ಟರ್ ಆದ್ರು, ಇವನ ಹೆಸರು ಎಲ್ಲಿ? ಕೃತಜ್ಞತೆಯ ಪುಟದಲ್ಲಿ ಹೆಂಡತಿ, ಟೈಪಿಸ್ಟು, ಬೈಂಡಿಂಗ್‌ನೋನು ಎಲ್ಲಾ ಇರ್ತಾರೆ. ಇವನು ‘ಸ್ಥಳೀಯರು’.

(ಕಿಲಾರಿ: ‘ಒಬ್ಬರು ಫೋಟೊ ಹಾಕ್ತೀನಿ ಅಂದಿದ್ರು ಸಾಮಿ. ಎತ್ತಿಂದು ಹಾಕಿದ್ರು.’)

ಮಹಾಪ್ರಬಂಧದ ಪ್ರತಿ ಊರಿಗೆ ಬಂದಿಲ್ಲವೇ?

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಪಾಟಿಗೆ ಬೀಗ ಐತೆ ಅಂತ ಕೇಳಿದೀನಿ. ಈಗ ಥೀಸಿಸ್‌ಗಳನ್ನ ‘ಶೋಧಗಂಗಾ’ದಲ್ಲಿ ಕಂಪ್ಯೂಟರಿಗೆ ಹಾಕಬೇಕು, ಯಾರು ಬೇಕಾದ್ರೂ ನೋಡಬಹುದಂತೆ. ಗಂಗೆ ಹರಿದ್ರೆ ಒಳ್ಳೇದೇ. ನಮ್ಮೂರಿಗೆ ಭದ್ರಾ ಮೇಲ್ದಂಡೆ ನೀರೂ ಹಂಗೇ ಬರ್ತಾನೇ ಐತೆ. ಯಾರಾದ್ರೂ ಒಬ್ಬರು ಬಂದು, ನಾನು ನಿಮ್ಮ ಬಗ್ಗೆ ಹಿಂಗೆ ಬರ್ದೀನಿ, ಇದು ಸರೀನಾ ಅಂತ ಈ ರೊಪ್ಪದಲ್ಲಿ ಓದಿ ಹೇಳಿದ್ರೆ ಅದೇ ನಿಜವಾದ ವೈವಾ. ಹೊರಗಿನ ಪರೀಕ್ಷಕ ಅಂತ ಧಾರವಾಡದಿಂದ ಒಬ್ಬರನ್ನ ಕಾರಲ್ಲಿ ಕರೆಸ್ತಾರೆ. ಹೊರಗೆ ಅಂದ್ರೆ ಇಲ್ಲಿ, ಬೇಲಿ ಒಳಗೆ ನಾನಿದೀನಿ.

ಮುಂದೆ ಬರುವ ಸಂಶೋಧಕರಿಗೆ ಏನಾದರೂ ಸೂಚನೆ?

ಬರೋವಾಗ ಎರಡು ಸೂಡು ಮೇವು ತನ್ನಿ. ಕಂಟಿಂಜೆನ್ಸಿ ಖರ್ಚಲ್ಲಿ ತೋರಿಸ್ಕೊಳ್ಳಿ.

(ಕಿಲಾರಿ: ‘ಅದು ಆಗಾಕಿಲ್ಲ ಸಾಮಿ. ಹೋದ ಸಲ ಬಂದಿದ್ದ ಹುಡುಗ ಪಾಪ ತಂದಿದ್ದ. ಜಿಎಸ್‌ಟಿ ಬಿಲ್ ಇಲ್ದೆ ಯೂನಿವರ್ಸಿಟಿಯೋರು ದುಡ್ಡು ಕೊಡಲ್ಲ ಅಂದ್ರಂತೆ. ಹುಲ್ಲಿಗೆ ಜಿಎಸ್‌ಟಿ ಎಲ್ಲೈತೆ?’)